ಎಣ್ಣಿ ಭಾಳ ಕಾದ್ರ ಗಾಡಿ ಬಾಳಂಗಿಲ್ಲ

ಆಳಂದ, ಅಫಜಲಪುರ, ಜೇವರ್ಗಿ ಕಡಿ ಈಗ ಮೋಟಾರ್‌ಸೈಕಲ್ ಇಲ್ಲದ ಮನಿ ಸಿಗೋದು ಕಮ್ಮಿ. ಹೊಸ ಗಾಡಿ ಇದ್ರೂ ಹಿತ್ತಲದಾಗ ಒಂದು ಹಳಿ ಗಾಡಿ ಇದ್ದೇ ಇರ್ತದ. ಮಾವನವರ ಕಾಲದ ಬುಲೆಟ್ಟೋ, ಕಾಕಾ ಮೈಸೂರು ಕಡಿಯಿಂದ ತಂದ ಯೆಜ್ಡಿನೋ, ಅಣ್ಣನ ಲಗ್ನದಾಗ ಬಂದ ಹೀರೊ ಹೋಂಡಾನೋ. ಮಾರಲಾಕ ಮನಸ್ಸಿಲ್ಲ, ಹೊಲಕ್ಕ ಹೋಗಿ ಬರಲಾಕ ಅದೇ ಬೇಕು. ಈ ಮೂರೂ ಗಾಡಿಗಿ ಒಂದು ಮಾತು ಸಮ ಅದ. ಕಾರಿನಂಗ ಇವಕ್ಕ ತಣ್ಣಗ ಮಾಡಲಾಕ ನೀರು ಇಲ್ಲ. ಗಾಳಿ ಮತ್ತ ಎಣ್ಣಿ, ಇವೆರಡರ ಮ್ಯಾಲೇ ಇಂಜಿನ್ನಿನ ಜೀವ ನಿಂತದ.

ಇದು ಗಂಡಸರ ವಿಷಯ, ನಮಗ್ಯಾಕ ಅಂತ ಅನಬ್ಯಾಡ್ರಿ. ಮೇ ತಿಂಗಳ ಮಧ್ಯಾಹ್ನ ಗಾಡಿ ಧಬಕ್ಕಂತ ನಿಂತಾಗ ಕೂಸಿನ ತಲಿ ಮ್ಯಾಲ ಸೆರಗು ಹಿಡಕೊಂಡು ರಸ್ತಿ ಬದಿಗಿ ನಿಲ್ಲೋರು ನಾವೇ. ಇಂಜಿನ್ ಬೋರಿಗಿ ಬಂತು ಅಂತ ಮಿಸ್ತ್ರಿ ಅಂದ ಮ್ಯಾಲ ಆ ರೊಕ್ಕ ಹೋಗೋದೂ ಸಂಘದ ಸಾಲದಿಂದ, ಇಲ್ಲಾಂದ್ರ ಕಾಳಿನ ಡಬ್ಬಿಯಿಂದ. ಅದಕ್ಕ ಈ ಎಣ್ಣಿಯ ಕಥಿ ಎಲ್ಲಿಂದ ಸುರುವಾತು, ಹ್ಯಾಂಗ ನಮ್ಮ ಅಂಗಳದ ತನಕ ಬಂತು ಅಂತ ನಾವೂ ತಿಳಕೊಂಡ್ರ ಛಲೋ.

ಬಂಡಿ ಕೀಲಿನಿಂದ ಸುರು

ಮೋಟಾರು ಬರೋಕಿಂತ ಭಾಳ ಮೊದ್ಲೇ ತಿರುಗೋ ಸಾಮಾನಿಗಿ ಎಣ್ಣಿ ಬೇಕು ಅನ್ನೋದು ನಮ್ಮ ಹಿರಿಯರಿಗಿ ಗೊತ್ತಿತ್ತು. ಎತ್ತಿನ ಬಂಡಿಗಿ ಕೀಲೆಣ್ಣಿ ಹಾಕದೇ ಯಾರೂ ದೂರದ ಊರಿಗಿ ಹೊರಡ್ತಿರಲಿಲ್ಲ. ಒಣಗಿದ ಅಚ್ಚು ಮೊದ್ಲ ಕಿರ್ರ್ ಅಂತದ, ಆಮ್ಯಾಲ ಕಾಯ್ತದ, ಕಡೀಕ ಸವದು ಹೋಗ್ತದ. ಆ ಕೀಲೆಣ್ಣಿಗಿ ಬಳಸ್ತಿದ್ದದ್ದು ಹೆಚ್ಚಾಗಿ ಔಡಲ ಎಣ್ಣಿ. ಅದು ಗಟ್ಟಿ, ಅಂಟಿಕೊಂಡು ಕೂಡ್ತದ, ಬಿಸಲಿಗಿ ಸುಲಭ ಹರಿದು ಹೋಗಂಗಿಲ್ಲ.

ಇದೇ ಗುಣ ನೋಡಿ ಇಂಗ್ಲೆಂಡಿನೋರೂ ಔಡಲಕ್ಕ ಕೈ ಹಾಕಿದ್ರು. ಚಾರ್ಲ್ಸ್ ವೇಕ್‌ಫೀಲ್ಡ್ ಅನ್ನೋರು 1899ರಾಗ ಲಂಡನ್ನಿನ್ಯಾಗ ಎಣ್ಣಿ ಕಂಪನಿ ಸುರು ಮಾಡಿದ್ರು. 1909ರಾಗ ಅವರು ಇಂಜಿನ್ನಿನ ಸಲುವಾಗಿ ಒಂದು ಹೊಸ ಎಣ್ಣಿ ತಂದು, ಅದರಾಗ ಔಡಲ ಎಣ್ಣಿ ಬೆರಸಿ, ‘ಕ್ಯಾಸ್ಟರ್’ ಅನ್ನೋ ಇಂಗ್ಲಿಷ್ ಹೆಸರಿನಿಂದಲೇ ‘ಕ್ಯಾಸ್ಟ್ರಾಲ್’ ಅಂತ ಹೆಸರಿಟ್ರು. ಇವತ್ತಿಗೂ ಪೇಟಿ ಅಂಗಡ್ಯಾಗ ಆ ಡಬ್ಬಿ ಕಾಣ್ತದ. ಮೊದಲನೇ ಮಹಾಯುದ್ಧದ ಎಷ್ಟೋ ವಿಮಾನದ ಇಂಜಿನ್ನಿಗಿ ಔಡಲ ಎಣ್ಣಿನೇ ಹಾಕ್ತಿದ್ರು. ನಾವು ಕೂಸಿನ ನೆತ್ತಿಗಿ ಹಚ್ಚೋ ಎಣ್ಣಿ ಆಕಾಶದಾಗೂ ಹಾರ್ಯಾದ ನೋಡ್ರಿ! ಆದ್ರ ಅದಕ್ಕ ಒಂದು ದೋಷ ಇತ್ತು. ಭಾಳ ದಿನ ಭಾಳ ಕಾದ್ರ ಗೋಂದಿನಂಗ ಅಂಟಂಟಾಗಿ ಇಂಜಿನ್ನಿನೊಳಗ ಹಿಡಕೊಂಡು ಬಿಡ್ತಿತ್ತು. ಹಂಗಾಗಿ ದಿನನಿತ್ಯದ ಗಾಡಿಗಿ ಭೂಮಿಯಿಂದ ತೆಗೆದ ಎಣ್ಣಿನೇ ಖಾಯಂ ಆತು.

ಇಂಜಿನ್ನಿನ್ಯಾಗ ಎಣ್ಣಿ ಏನು ಮಾಡ್ತದ

ಪೆಟ್ರೋಲ್ ಉರದಾಗ ಹುಟ್ಟೋ ಶಾಖದಾಗ ಗಾಲಿ ತಿರುಗಿಸಲಾಕ ಸಿಗೋದು ಹೆಚ್ಚಂದ್ರ ಮೂರನೇ ಒಂದು ಪಾಲು. ಉಳಿದಿದ್ದು ಅರ್ಧ ಸೈಲೆನ್ಸರಿನಿಂದ ಹೊಗಿ ಜೊತಿಗಿ ಹೋಗ್ತದ, ಅರ್ಧ ಇಂಜಿನ್ನಿನ ಮೈಗಿ ಏರ್ತದ. ಇಂಜಿನ್ನಿನ ಸುತ್ತ ಪದರ ಪದರ ರೆಕ್ಕಿ ಇರ್ತಾವಲ್ಲ, ಮಿಸ್ತ್ರಿಗಳು ಅದಕ್ಕ ಫಿನ್ ಅಂತಾರ. ಅವು ಚಂದ ಕಾಣಲಿ ಅಂತ ಮಾಡಿದ್ದಲ್ಲ. ಗಾಳಿಗಿ ಹೆಚ್ಚು ಜಾಗ ಸಿಕ್ಕಿ ಶಾಖ ಜಲ್ದಿ ಹೋಗಲಿ ಅಂತ.

ಆದ್ರ ಗಾಳಿ ಮುಟ್ಟೋದು ಹೊರಮೈ ಅಷ್ಟೇ. ಪಿಸ್ಟನ್ನಿನ ತಳ, ಕೆಳಗಿನ ದೊಡ್ಡ ಬೇರಿಂಗ್, ಮ್ಯಾಲಿನ ವಾಲ್ವು, ಅಲ್ಲಿಗಿ ಗಾಳಿ ಹೋಗಂಗಿಲ್ಲ. ಅಲ್ಲಿಗಿ ಹೋಗೋದು ಎಣ್ಣಿ ಒಂದೇ. ಅದು ಕಾದ ಜಾಗಕ್ಕ ಹೋಗಿ ಶಾಖ ಹೊತ್ತುಕೊಂಡು ಬರ್ತದ, ತಂಪು ಗ್ವಾಡಿಗಿ ಇಳಿಸ್ತದ, ಮತ್ತ ಹೋಗ್ತದ. ಎಣ್ಣಿ ಅಂದ್ರ ಬರೇ ಜಾರೋ ಸಲುವಾಗಿ ಅಂತ ಭಾಳ ಜನ ತಿಳಕೊಂಡಾರ. ಗಾಳಿ ಮ್ಯಾಲ ನಡಿಯೋ ಇಂಜಿನ್ನಿನ್ಯಾಗ ಒಳಗಿಂದ ತಣ್ಣಗ ಮಾಡೋದೂ ಎಣ್ಣಿ ಕೆಲಸಾನೇ.

ಭಜಿ ಕರಿಯೋ ಎಣ್ಣಿ ನೋಡಿದೋರಿಗಿ ಉಳಿದಿದ್ದು ಹೇಳಬೇಕಾಗಿಲ್ಲ. ತಣ್ಣಗಿದ್ದಾಗ ದಪ್ಪ, ಕಾದಂಗ ನೀರಿನಂಗ ತೆಳ್ಳಗ. ಅದೇ ಎಣ್ಣಿ ಮತ್ತ ಮತ್ತ ಕಾಸಿದ್ರ ಕರ್ರಗಾಗಿ, ಕಮಟು ವಾಸನಿ ಹೊಡದು, ಕಡೀಕ ಅಂಟಾಗ್ತದ. ಇಂಜಿನ್ ಎಣ್ಣಿದೂ ಇದೇ ಹಣೇಬರಹ. ಸುಮಾರು 90ರಿಂದ 110 ಡಿಗ್ರಿ ಒಳಗ ಇದ್ರ ಅದಕ್ಕ ಹಿತ. 130 ದಾಟಿ ಹಂಗೇ ಓಡಿಸಿದ್ರ ಎಣ್ಣಿ ಭಾಳ ತೆಳ್ಳಗಾಗಿ ಎರಡು ಲೋಹದ ನಡುವಿನ ಪರದಿ ಹರೀತದ, ಎಣ್ಣಿನೂ ಜಲ್ದಿ ಕೆಡ್ತದ. ಬಲ್ಲೋರ ಒಂದು ದಪ್ಪ ಲೆಕ್ಕ ಅದ: ಮೊದ್ಲೇ ಕಾದ ಎಣ್ಣಿ 10 ಡಿಗ್ರಿ ಮತ್ತ ಏರಿದ್ರ, ಅದು ಕೆಡೋ ವೇಗ ಹತ್ತತ್ರ ಎರಡು ಪಟ್ಟಾಗ್ತದ.

ಉಳಿತಾಯದ ಜೊತಿಗಿ ಬಂದ ತಾಪತ್ರಯ

ನೂರು ವರ್ಷದ ಹಿಂದಿನ ಮೋಟಾರ್‌ಸೈಕಲ್ಲಿಗಿ ಎಣ್ಣಿ ಕಾಯೋ ಚಿಂತಿ ಇರಲಿಲ್ಲ ಅಂದ್ರ ನಂಬ್ತೀರೇನು? ಆಗಿನ ಗಾಡ್ಯಾಗ ಸವಾರ ಕೆಲವು ಮೈಲಿಗೊಮ್ಮಿ ಕೈಯಿಂದ ಪಂಪ್ ಒತ್ತಿ ಇಂಜಿನ್ನಿಗಿ ಎಣ್ಣಿ ಕುಡಸಬೇಕಿತ್ತು. ಒಮ್ಮಿ ಒಳಗ ಹೋದ ಎಣ್ಣಿ ಜರಾ ಸುಟ್ಟು ಹೊಗಿಯಾಗ್ತಿತ್ತು, ಜರಾ ರಸ್ತಿಗಿ ಸೋರ್ತಿತ್ತು. ತಿರುಗಿ ಬರ್ತಿರಲಿಲ್ಲ. ತಿರುಗಿ ಬರದ ಎಣ್ಣಿ ಎಷ್ಟು ಕಾದ್ರೇನು!

1920-30ರ ಹೊತ್ತಿಗಿ ಗಾಡಿಗಳೊಳಗ ಎಣ್ಣಿ ಸುತ್ತಿಸೋ ಪಂಪ್ ಸಾಮಾನ್ಯ ಆದ್ವು. ಒಂದೇ ಎಣ್ಣಿ ಸಾವಿರಾರು ಸಲ ಸುತ್ತು ಹೊಡೀಲಾಕ ಹತ್ತಿತು. ಖರ್ಚು ಉಳೀತು, ಹೊಗಿ ಕಮ್ಮಿ ಆತು. ಆದ್ರ ಹಿಂದಿನ ಸುತ್ತಿನ ಬಿಸಿ ಆರೋದ್ರೊಳಗ ಮುಂದಿನ ಸುತ್ತು ಬರ್ತದಲ್ಲ, ಎಣ್ಣಿಯ ಬಿಸಿ ಲೆಕ್ಕಕ್ಕ ಬಂದಿದ್ದೇ ಅವಾಗಿನಿಂದ. ಅಲ್ಲಿಂದ ಮುಂದ ನಮ್ಮ ಮನಿ ಮೂರು ಗಾಡಿಗಳ ಕಥಿ.

ಬುಲೆಟ್: ಹೊಟ್ಟ್ಯಾಗ ಎರಡು ಲೀಟರ್

‘ಬುಲೆಟ್’ ಅನ್ನೋ ಹೆಸರು ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡಿನೋರು 1932ರಾಗ ಇಟ್ಟಿದ್ದು. ಸ್ವಾತಂತ್ರ್ಯ ಬಂದ ಮ್ಯಾಲ ನಮ್ಮ ಸರ್ಕಾರ ಸೈನ್ಯಕ್ಕ, ಪೊಲೀಸರಿಗಿ ಈ ಗಾಡಿ ತರಿಸ್ತು. 1955ರಾಗ ಮದ್ರಾಸಿನ್ಯಾಗ ಎನ್‌ಫೀಲ್ಡ್ ಇಂಡಿಯಾ ಕಂಪನಿ ಸುರುವಾತು. ಆಗ ನಮ್ಮ ಗುಲಬರ್ಗಾ ಜಿಲ್ಲಾ ಇನ್ನೂ ಹೈದರಾಬಾದ್ ರಾಜ್ಯದಾಗ ಇತ್ತು. ನಾವು ಮೈಸೂರು ರಾಜ್ಯಕ್ಕ ಸೇರಿದ್ದು ಮರುವರ್ಷ, 1956ರ ನವೆಂಬರ್ 1ಕ್ಕ. ಇಂಗ್ಲೆಂಡಿನ ಮೂಲ ಕಂಪನಿ 1970ರ ಹೊತ್ತಿಗಿ ಮುಚ್ಚಿ ಹೋದ್ರೂ ಮದ್ರಾಸಿನ ಬುಲೆಟ್ ಮಾತ್ರ ಹೆಚ್ಚು ಬದಲಾಗದೇ ಸುಮಾರು ಐವತ್ತು ವರ್ಷ ಹಂಗೇ ಬಂತು.

ಹಳಿ ಬುಲೆಟ್ಟಿನ ಸಿಲಿಂಡರ್ ಬೀಡಕಬ್ಬಿಣದ್ದು. ಕಬ್ಬಿಣದ ಬುಟ್ಟಿ ಒಲಿಯಿಂದ ಇಳಿಸಿದ ಮ್ಯಾಲೂ ಎಷ್ಟು ಹೊತ್ತು ಬಿಸಿ ಹಿಡೀತದ, ಜರ್ಮನ್ ಪಾತ್ರಿ ಎಷ್ಟು ಜಲ್ದಿ ಆರ್ತದ, ನೋಡೀರಲ್ಲ? ಅಲ್ಯುಮಿನಿಯಂ ಕಬ್ಬಿಣಕಿಂತ ಮೂರು ಪಟ್ಟಾದ್ರೂ ಜಲ್ದಿ ಶಾಖ ಸಾಗಸ್ತದ. ಕಬ್ಬಿಣ ಬಿಡೋದು ನಿಧಾನ. ಅದಕ್ಕ ಬುಲೆಟ್ಟಿನ್ಯಾಗ ಎಣ್ಣಿ ಮ್ಯಾಲ ಭಾರ ಹೆಚ್ಚು. ಇಂಜಿನ್ನಿನ ಹಿಂದಿನ ಭಾಗದಾಗೇ ಎಣ್ಣಿಗಿ ಬ್ಯಾರೆ ಒಂದು ಅರಿ ಮಾಡ್ಯಾರ. ಅದರಾಗ ಎರಡು ಲೀಟರಿಗಿ ಜರಾ ಹೆಚ್ಚು ಹಿಡೀತದ. ಒಂದು ಪಂಪ್ ಅಲ್ಲಿಂದ ಎಣ್ಣಿ ಕಳಸ್ತದ, ಇನ್ನೊಂದು ಕೆಳಗ ಬಿದ್ದಿದ್ದು ವಾಪಸ್ ತರ್ತದ. ಗೇರ್‌ಬಾಕ್ಸಿಗಿ ಬ್ಯಾರೆ, ಕ್ಲಚ್ಚಿನ ಡಬ್ಬಿಗಿ ಬ್ಯಾರೆ. ಮೂರು ಕೆಲಸಕ್ಕ ಮೂರು ಪಾತ್ರಿ ಇದ್ದಂಗ.

ಎಣ್ಣಿ ಹೆಚ್ಚಿದ್ದಷ್ಟು ಒಂದೊಂದು ಹನಿ ಮ್ಯಾಲ ಬೀಳೋ ಬಿಸಿ ಕಮ್ಮಿ, ಆರಲಾಕ ಪುರಸೊತ್ತೂ ಸಿಗ್ತದ. ಬುಲೆಟ್ ನಿಧಾನ ತಿರುಗೋ ಇಂಜಿನ್ ಆಗಿದ್ದಕ್ಕೂ ಉಪಕಾರ ಆತು. ಆಗಿನ ಜನ ಬ್ಯಾಸಗಿಗಿ ದಪ್ಪ ಎಣ್ಣಿ, ಛಳಿಗಾಲಕ್ಕ ತೆಳ್ಳನದು ಹಾಕ್ತಿದ್ರು. ಆಮ್ಯಾಲ 20ಡಬ್ಲ್ಯೂ-50 ಅಂತ ಎರಡೂ ಕಾಲಕ್ಕ ಸಲ್ಲೋ ಎಣ್ಣಿ ಬಂತು. ಡಬ್ಬಿ ಮ್ಯಾಲಿನ ಆ ಅಂಕಿಗಿ ಹೆದರಬ್ಯಾಡ್ರಿ. ಡಬ್ಲ್ಯೂ ಅಂದ್ರ ಛಳಿ. ಮೊದಲಿನ ಅಂಕಿ ಛಳ್ಯಾಗ ಎಷ್ಟು ದಪ್ಪ ಅಂತ ಹೇಳ್ತದ, ಎರಡನೇದು 100 ಡಿಗ್ರಿ ಕಾದಾಗ ಎಷ್ಟು ದಪ್ಪ ಉಳೀತದ ಅಂತ. ನಮ್ಮ ಕಡಿ ಛಳಿ ಅಂತಾದ್ದೇನು ಬೀಳಂಗಿಲ್ಲ, ನಮಗ ಮುಖ್ಯ ಎರಡನೇ ಅಂಕಿ.

ಜಾವಾ: ಎಣ್ಣಿ ಸುಟ್ಟು ಹೋಗೋ ಗಾಡಿ

ಜಾವಾ ಮೂಲ ಚೆಕ್ ದೇಶದ್ದು, 1929ರದು. ನಮ್ಮಲ್ಲಿ ರುಸ್ತುಂ ಇರಾನಿ, ಫಾರೂಖ್ ಇರಾನಿ ಅನ್ನೋರು ಮೈಸೂರಿನ ಯಾದವಗಿರಿಯೊಳಗ ಐಡಿಯಲ್ ಜಾವಾ ಕಾರ್ಖಾನಿ ತೆಗೆದ್ರು. 1961ರಾಗ ಅದನ್ನ ಉದ್ಘಾಟನಾ ಮಾಡಿದೋರು ಆಗಿನ ರಾಜ್ಯಪಾಲ ಜಯಚಾಮರಾಜ ಒಡೆಯರು. 1970ರ ದಶಕದಾಗ ಗಾಡಿ ಹೆಸರು ಯೆಜ್ಡಿ ಆತು. 1996ರಾಗ ಕಾರ್ಖಾನಿ ಮುಚ್ಚಿತು.

ಜಾವಾ ಟೂ-ಸ್ಟ್ರೋಕ್ ಗಾಡಿ. ಇದರ ಎಣ್ಣಿ ಪೆಟ್ರೋಲಿನ್ಯಾಗೇ ಬೆರಸಬೇಕು. ಪೆಟ್ರೋಲ್ ಹಾಕಿದಾಗೆಲ್ಲ ಅಳತಿ ಮಾಡಿ ಎಣ್ಣಿ ಹಾಕ್ತಿದ್ದದ್ದು ಹಿರಿಯರಿಗಿ ನೆನಪಿರಬೇಕು. ಆ ಎಣ್ಣಿ ಪಿಸ್ಟನ್, ಬೇರಿಂಗ್ ತೋಯಿಸಿ ಸುಟ್ಟು ನೀಲಿ ಹೊಗಿಯಾಗಿ ಹೋಗ್ತದ. ಅಂದ್ರ ಮತ್ತ ನೂರು ವರ್ಷದ ಹಿಂದಿನ ಲೆಕ್ಕಾನೇ: ಎಣ್ಣಿ ತಿರುಗಿ ಬರಂಗಿಲ್ಲ, ಹಂಗಾಗಿ ಅದು ಹಳಿದಾಗೋ ಚಿಂತಿ ಇಲ್ಲ. ಆದ್ರ ಅಳತಿ ತಪ್ಪಿದ್ರ ಕ್ಷಮಾ ಇಲ್ಲ. ಎಣ್ಣಿ ಕಮ್ಮಿಯಾಗಿ ಬಿಸಲಾಗ ಜೋರು ಓಡಿಸಿದ್ರ ಪಿಸ್ಟನ್ ಉಬ್ಬಿ ಸಿಲಿಂಡರಿಗಿ ಹಿಡಕೊಂಡು ಬಿಡ್ತದ. ಹಿಂದಿನ ಗಾಲಿ ಒಮ್ಮಿಗೇ ಕಚ್ಚಿ ಗಾಡಿ ಬೀಳೋ ಅಪಾಯ ಅದ. ಹೆಚ್ಚು ಹಾಕಿದ್ರ ಹೊಗಿ, ಮಸಿ. ಉಪ್ಪಿನ ಲೆಕ್ಕದಂಗ, ಕೈ ಅಳತಿ ಸರಿ ಇರಬೇಕು.

ಇದರಿಂದ ಒಂದು ಛಲೋದೂ ಆಗಿತ್ತು. ಪ್ರತಿ ಸಲ ಎಣ್ಣಿ ನೆನಪು ಮಾಡಲೇಬೇಕಿತ್ತು. ಮರತ್ರ ಗಾಡಿನೇ ನೆನಪು ಮಾಡಿಕೊಡ್ತಿತ್ತು.

ಹೀರೊ ಹೋಂಡಾ: ಮರೆಯಲಾಕ ಕಲಿಸಿದ ಗಾಡಿ

1985ರಾಗ ಹೀರೊ ಹೋಂಡಾ ಸಿಡಿ 100 ಬಂತು. ನೂರು ಸಿಸಿಯ ಸಣ್ಣ ಫೋರ್-ಸ್ಟ್ರೋಕ್ ಇಂಜಿನ್. ಪೆಟ್ರೋಲಿನ್ಯಾಗ ಎಣ್ಣಿ ಬೆರಸೋ ಕಾಟ ಇಲ್ಲ, ಹೊಗಿ ಇಲ್ಲ, ಲೀಟರಿಗಿ ಕೊಡೋ ಮೈಲೇಜ್ ನೋಡಿ ಜನ ಬೆರಗಾದ್ರು. ತುಂಬಿಸ್ರಿ, ಮುಚ್ಚಿರಿ, ಮರತು ಬಿಡ್ರಿ ಅನ್ನೋ ಅರ್ಥದ ಅದರ ಇಂಗ್ಲಿಷ್ ಜಾಹೀರಾತು ದೇಶ ತುಂಬ ಹೆಸರಾತು.

ಆ ಮಾತು ಹೇಳಿದ್ದು ಪೆಟ್ರೋಲಿಗಿ. ಆದ್ರ ಜನ ಅದನ್ನ ಎಣ್ಣಿಗೂ ಹಚ್ಚಿಕೊಂಡ್ರು ಅನಸ್ತದ. ಇಲ್ಲೇ ನಮ್ಮ ಕಥಿಯ ಗಂಟು ಅದ. ಈ ಸಣ್ಣ ಇಂಜಿನ್ನಿನ್ಯಾಗ ಎಣ್ಣಿ ಇರೋದು ಒಂದು ಲೀಟರೂ ಇಲ್ಲ. ಅದೇ ಎಣ್ಣಿ ಪಿಸ್ಟನ್ನಿಗೂ ಬೇಕು, ಕ್ಲಚ್ಚಿಗೂ ಬೇಕು, ಗೇರಿಗೂ ಬೇಕು. ಬುಲೆಟ್ಟಿನ್ಯಾಗ ಮೂರು ಪಾತ್ರಿ ಮಾಡ್ತಿದ್ದ ಕೆಲಸ ಇಲ್ಲಿ ಒಂದು ಚೊಂಬು ಮಾಡ್ತದ, ಅದೂ ಬುಲೆಟ್ಟಿಗಿಂತ ಭಾಳ ಜೋರು ತಿರುಗೋ ಇಂಜಿನ್ನಿನ್ಯಾಗ. ಅಲ್ಯುಮಿನಿಯಂ ಇಂಜಿನ್, ಫಿನ್ ಅಗದೀ ಹೊಂದಿಸಿ ಮಾಡ್ಯಾರ, ಹಂಗಾಗಿ ತಡಕೋತದ. ಆದ್ರ ಒಂದು ಲೀಟರಿನ್ಯಾಗ ಕಾಲು ಲೀಟರ್ ಕಮ್ಮಿಯಾದ್ರ ಉಳಿದ ಎಣ್ಣಿಗಿ ಬಿಸಿ ಎಷ್ಟು ಹೆಚ್ಚು ಬೀಳ್ತದ, ನೀವೇ ಎಣಿಸ್ರಿ. ಎಣ್ಣಿ ಕಮ್ಮಿ ಆತು, ಕೆಲಸ ಹೆಚ್ಚಾತು, ನಮ್ಮ ಲಕ್ಷ್ಯ ಮಾತ್ರ ಇಲ್ಲದಂಗಾತು.

ನಮ್ಮ ಬಿಸಲು, ನಮ್ಮ ಎರಿ ಮಣ್ಣು

ಇಂಗ್ಲೆಂಡಿನ್ಯಾಗ, ಜಪಾನಿನ್ಯಾಗ ಲೆಕ್ಕ ಹಾಕಿದ ಇಂಜಿನ್ ನಮ್ಮ ಭೀಮಾ ದಂಡಿಗಿ ಬಂದ್ರ ಏನಾಗ್ತದ? ನಮ್ಮಲ್ಲಿ ಮೇ ತಿಂಗಳದಾಗ 42-43 ಡಿಗ್ರಿ ಮಾಮೂಲಿ. ಇಂಜಿನ್ ಆರೋದು ಅದಕ್ಕೂ ಗಾಳಿಗೂ ಇರೋ ಬಿಸಿಯ ಅಂತರದ ಮ್ಯಾಲ. ಗಾಳಿ 23 ಡಿಗ್ರಿ ಇದ್ದಾಗ ಎಣ್ಣಿ 105ಕ್ಕ ನಿಲ್ತದ ಅಂತ ಹಿಡೀರಿ. ಅದೇ ಕೆಲಸ, ಅದೇ ವೇಗ, ಗಾಳಿ ಮಾತ್ರ 43 ಆದ್ರ ಎಣ್ಣಿನೂ ಹತ್ತತ್ರ 20 ಡಿಗ್ರಿ ಮ್ಯಾಲ ಹೋಗಿ 125ರ ಹತ್ರ ನಿಲ್ತದ. ಕೆಡೋ ಗಡಿಗಿ ಅದು ಎಷ್ಟು ಸಮೀಪ ಬಂತು ನೋಡ್ರಿ. ಅದರ ಮ್ಯಾಲ ಹಿಂದ ಎರಡು ಚೀಲ ತೊಗರಿ ಇದ್ರಂತೂ ಮುಗೀತು.

ಇನ್ನೊಂದು ನಮ್ಮ ಎರಿ ಮಣ್ಣು. ಮಳಿಗಾಲದಾಗ ಹೊಲಕ್ಕ ಹೋಗಿ ಬಂದ ಗಾಡಿ ಫಿನ್ನಿನ ಸಂದಿಯೊಳಗ ರಾಡಿ ತುಂಬ್ತದ. ಇಂಜಿನ್ ಬಿಸಿಗಿ ಒಣಗಿ ಗಿಲಾವ್ ಹೊಡದಂಗ ಕೂಡ್ತದ. ಬ್ಯಾಸಗಿ ತನ ಯಾರೂ ಅದನ್ನ ಕೀಳಂಗಿಲ್ಲ. ಅಂದ್ರ ಬಿಸಲಾಗ ಇಂಜಿನ್ನಿಗಿ ಕೌದಿ ಹೊಚ್ಚಿದಂಗ ಆತು. ಮುಂದಿನ ಲೆಗ್‌ಗಾರ್ಡಿಗಿ ಚೀಲ, ಕ್ಯಾನು ಕಟ್ಟೋದೂ ಅಷ್ಟೇ. ಗಾಳಿ ಬರೋ ಬಾಗಲಾನೇ ಮುಚ್ಚಿದಂಗ.

ಗಾಳಿ ಹಾಯದೇ ನಿಂತಲ್ಲೇ ಇಂಜಿನ್ ಓಡಿದ್ರ ಎಲ್ಲಕಿಂತ ಕೆಟ್ಟದು. ಗಾಣಗಾಪುರ ಹುಣ್ಣಿಮಿ ಗದ್ದಲದಾಗ, ರೈಲ್ವೆ ಗೇಟಿನ್ಯಾಗ, ಕಲಬುರಗಿ ಜಾತ್ರಿ ಟೈಮಿನ್ಯಾಗ ಹಿಂಗೇ ಆಗ್ತದ. ಬೆನ್ನ ಹಿಂದಿನಿಂದ ಗಾಳಿ ಬೀಸ್ತಿದ್ರೂ ಹಂಗೇ. ಗಾಡಿ ಓಡ್ತಿರ್ತದ, ಆದ್ರ ಫಿನ್ನಿಗಿ ಗಾಳಿ ಸಿಗ್ತಿರಲ್ಲ.

ನಮ್ಮ ಮಕ್ಕಳು ಓಡಿಸೋ ಸ್ಕೂಟಿ, 2001ರಾಗ ಬಂದ ಆಕ್ಟಿವಾ, ಇವುಕ್ಕ ಇಂಜಿನ್ ಒಳಗ ಮುಚ್ಚಿರ್ತದ. ಅದಕ್ಕ ಒಂದು ಫ್ಯಾನ್ ಇಟ್ಟಾರ, ನಿಂತಾಗೂ ಗಾಳಿ ಊದ್ತದ. ಆ ಫ್ಯಾನಿನ ಜಾಳಿಗಿ ಧೂಳು, ಕಸ ಕೂತಿದ್ರ ಮಾತ್ರ ಅದೂ ಉಸಿರುಗಟ್ತದ. ಅದನ್ನೂ ವರ್ಷಕ್ಕೊಮ್ಮಿ ನೋಡಸ್ರಿ.

ಹಳೇ ರೂಢಿ, ಇವತ್ತಿಗೂ ಬೇಕಾದದ್ದು

ಹಿರಿಯರು ಬ್ಯಾಸಗ್ಯಾಗ ಬಂಡಿ ಕಟ್ತಿದ್ದದ್ದು ಬೆಳ್ಳಿ ಚುಕ್ಕಿ ಮೂಡೋ ಹೊತ್ತಿಗಿ, ಎತ್ತು ದಣೀಬಾರದು ಅಂತ. ಇಂಜಿನ್ನಿಗೂ ಅದೇ ನ್ಯಾಯ. ಆಳಂದ, ಜೇವರ್ಗಿ ಎರಡೂ ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್, ಅಫಜಲಪುರ ಇನ್ನೂ ದೂರ. ಮುಂಜಾನಿ ಏಳರೊಳಗ ಬಿಟ್ರ ಊರು ಮುಟ್ಟೋ ತನ ಗಾಳಿ ತಂಪಿರ್ತದ. ಮಧ್ಯಾಹ್ನ ಹೋಗಲೇಬೇಕಾದ್ರ ಅರ್ಧ ದಾರ್ಯಾಗ ಬೇವಿನ ಗಿಡ ನೋಡಿ 15-20 ನಿಮಿಷ ನಿಲ್ಲಿಸ್ರಿ. ನಿಮಗೂ ನೀರು ಕುಡಿದಂಗಾಗ್ತದ.

ಎಣ್ಣಿ ಮಟ್ಟ ನೋಡೋದು ಐದು ನಿಮಿಷದ ಕೆಲಸ. ಸಮ ನೆಲದ ಮ್ಯಾಲ ನಡುವಿನ ಸ್ಟ್ಯಾಂಡ್ ಹಾಕಿ, ಎರಡು-ಮೂರು ನಿಮಿಷ ಇಂಜಿನ್ ಓಡಿಸಿ, ಬಂದ್ ಮಾಡಿ, ಮತ್ತೆರಡು ನಿಮಿಷ ಬಿಟ್ಟು ಎಣ್ಣಿ ಬಿರಡಿ ತೆಗೀರಿ. ಅದರ ಕಡ್ಡಿ ಒರಸಿ ಅದ್ದಿ ನೋಡ್ರಿ. ಹೀರೊ ಹೋಂಡಾದಾಗ ತಿರುಪದೇ ಬರೇ ಇಟ್ಟು ತೆಗೀಬೇಕು. ಎರಡು ಗೆರಿ ನಡುವ ಎಣ್ಣಿ ಇರಬೇಕು. ಹಳಿ ಬುಲೆಟ್ ಭಾಳ ದಿನ ನಿಂತಿದ್ರ ಅರಿಯೊಳಗಿನ ಎಣ್ಣಿ ಕೆಳಗ ಇಳಿದಿರ್ತದ, ಕಡ್ಡಿಗಿ ಕಮ್ಮಿ ಕಾಣ್ತದ. ಇಂಜಿನ್ ಜರಾ ಹೊತ್ತು ಓಡಿಸದೇ ಎಣ್ಣಿ ಸುರುವಬ್ಯಾಡ್ರಿ, ಹೆಚ್ಚಾಗಿ ಹೊರಗ ಚೆಲ್ತದ.

ಎಣ್ಣಿ ಯಾವುದು ಅಂದ್ರ ಗಾಡಿ ಪುಸ್ತಕದಾಗ ಬರದಿದ್ದು. ಬಿಸಲು ಅಂತ ಮನಸ್ಸಿಗಿ ಬಂದಷ್ಟು ದಪ್ಪ ಹಾಕಬ್ಯಾಡ್ರಿ, ಅದು ಸಣ್ಣ ಸಂದಿಗಿ ಜಲ್ದಿ ಮುಟ್ಟಂಗಿಲ್ಲ. ಕಾರಿನ ಎಣ್ಣಿನೂ ಬ್ಯಾಡ. ಹೀರೊ ಹೋಂಡಾದಂಥ ಗಾಡ್ಯಾಗ ಕ್ಲಚ್ ಅದೇ ಎಣ್ಣ್ಯಾಗ ಇರ್ತದ, ಕಾರಿನ ಎಣ್ಣಿಗಿ ಅದು ಜಾರಬಹುದು. ಡಬ್ಬಿ ಮ್ಯಾಲ ಜಾಸೋ ಎಂಎ ಅಂತ ಇದ್ರ ಮೋಟಾರ್‌ಸೈಕಲ್ ಕ್ಲಚ್ಚಿಗಿ ಸಲ್ತದ ಅಂತ ಅರ್ಥ. ವರ್ಷದಾಗ ಯಾವಾಗ ಬದಲಿಸಿದ್ರೂ ಯುಗಾದಿ ಹೊತ್ತಿಗಿ ಒಮ್ಮಿ ಹೊಸ ಎಣ್ಣಿ ಇರಲಿ. ಬ್ಯಾಸಗಿಗಿ ಹಳಿ ಎಣ್ಣಿ ಮ್ಯಾಲ ಹೋಗೋದು ಬ್ಯಾಡ. ತೆಗೆದ ಕರಿ ಎಣ್ಣಿ ಬಾವಿ ಕಡಿ, ಮೋರಿಗಿ ಚೆಲ್ಲಬ್ಯಾಡ್ರಿ. ಮಕ್ಕಳ ಕೈಗಿ ಸಿಗದಂಗ ಡಬ್ಬ್ಯಾಗ ಹಾಕಿ ಗ್ಯಾರೇಜಿಗೇ ಕೊಡ್ರಿ.

ಕಾದದ್ದು ಗೊತ್ತಾಗೋದು ಹ್ಯಾಂಗ? ಹಳಿ ಗಾಡಿಗಿ ಬಿಸಿ ತೋರಸೋ ಗಡಿಯಾರ ಇಲ್ಲ. ಜಗ್ಗೋ ಶಕ್ತಿ ಇಳೀತದ, ಮ್ಯಾಲಿನಿಂದ ಟಕಟಕ ಸಪ್ಪಳ ಹೆಚ್ಚಾಗ್ತದ, ಸುಟ್ಟ ಎಣ್ಣಿ ವಾಸನಿ ಬರ್ತದ. ಹಂಚು ಕಾದದೇನು ಅಂತ ಹನಿ ಚಿಮುಕಿಸಿ ನೋಡ್ತೀವಲ್ಲ, ಹಂಗೇ ಕೆಳಗಿನ ಎಣ್ಣಿ ಇರೋ ಭಾಗಕ್ಕ ಒಂದು ಹನಿ ಹಾಕ್ರಿ. ಚುರ್ ಅಂತ ಹಾರಿದ್ರ ಹೊರಮೈನೇ 100 ದಾಟ್ಯಾದ, ಒಳಗಿನ ಎಣ್ಣಿ ಅದಕಿಂತ ಹೆಚ್ಚು ಕಾದದ. ಆಗ ನಿಲ್ಲಿಸಬೇಕು. ಆದ್ರ ಹಾಕೋದು ಒಂದೇ ಹನಿ, ಚೊಂಬಲ್ಲ! ಕಾದ ಇಂಜಿನ್ನಿಗಿ ನೀರು ಸುರುವಿದ್ರ ಫಿನ್ ಸೀಳಬಹುದು. ನೆರಳಾಗ ತಾನೇ ಆರಲಿ ಬಿಡ್ರಿ. ಫಿನ್ನಿನ ರಾಡಿ ತೊಳಿಯೋದೂ ಮುಂಜಾನಿ, ಇಂಜಿನ್ ತಣ್ಣಗಿದ್ದಾಗ, ನೆನಸಿ ಹಳಿ ಬ್ರಷ್ಷಿನಿಂದ.

ಈಗಿನ ಹೊಸ ಗಾಡಿಗಳೊಳಗ ಈ ತಾಪತ್ರಯಕ್ಕ ಬ್ಯಾರೆ ದಾರಿ ಹುಡುಕ್ಯಾರ. ಕೆಲವು ಗಾಡಿಗಿ ಎಣ್ಣಿ ಆರಿಸೋ ಸಣ್ಣ ಜಾಳಿ, ಆಯಿಲ್ ಕೂಲರ್, ಮುಂದ ಹಚ್ಚಿರ್ತಾರ. 2018ರಾಗ ಮತ್ತ ಬಂದ ಹೊಸ ಜಾವಾಕ್ಕಂತೂ ಕಾರಿನಂಗ ನೀರೇ ಬಂದದ. ಮೈಸೂರಿನ ಹಳಿ ಜಾವಾ, ಮದ್ರಾಸಿನ ಬುಲೆಟ್, ಮಗಳಿಗಿ ಕಾಲೇಜಿಗಿ ಹೋಗಲಾಕ ಕೊಟ್ಟ ಹಳಿ ಹೀರೊ ಹೋಂಡಾ, ಇವುಕ್ಕ ಅದ್ಯಾವುದೂ ಇಲ್ಲ. ಇವುಕ್ಕಿರೋದು ಗಾಳಿ, ಒಂದಿಷ್ಟು ಎಣ್ಣಿ, ಮತ್ತ ಮನ್ಯಾಗ ಯಾರಾದ್ರೂ ಒಬ್ರ ಲಕ್ಷ್ಯ. ಈ ಯುಗಾದಿಗಿ ಮನಿ ಸಾರಿಸಿ, ಬೇವು-ಬೆಲ್ಲ ಕಲಸೋ ಮುಂಚೆ ಆ ಎಣ್ಣಿ ಕಡ್ಡಿ ಒಮ್ಮಿ ತೆಗೆದು ನೋಡ್ರಿ, ಅಕ್ಕೋರೆ.